ಒಂದು ಮಗ್ಗುಲು ಖಾಲಿ ಹಾಳೆ

ನಂಜನಗೂಡಿನ ರೈಲ್ವೆ ಸ್ಟೇಷನ್ನಿನ ಆಚೆ ಬದಿಯ ಬೀದಿಗಳಲ್ಲಿ ಹುಚ್ಚಯ್ಯನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಅಲ್ಲಿನ ಮಕ್ಕಳಿಗೆ ಅವನು ಪುಸ್ತಕದ ತಾತ. ಮಕ್ಕಳ ತಂದೆತಾಯಿಗಳಲ್ಲೂ ಅರ್ಧಕ್ಕರ್ಧ ಜನ ಒಂದು ಕಾಲಕ್ಕೆ ಅವನ ಪುಸ್ತಕದಲ್ಲೇ ಗುಣಾಕಾರ ಭಾಗಾಕಾರ ಕಲಿತವರಾದ್ದರಿಂದ ಅವರೂ ಹಾಗೇ ಕರೆಯುತ್ತಾರೆ. ಅವನು ಪುಸ್ತಕ ಬರೆದವನಲ್ಲ, ಮಾರಿದವನೂ ಅಲ್ಲ. ಓದಿದ್ದು ಏಳನೆಯ ತರಗತಿ. ಅವನು ಪುಸ್ತಕ ಹೊಲಿಯುತ್ತಿದ್ದ, ಅಷ್ಟೇ.

ಟಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಅವನಿಗೆ ಅಟೆಂಡರ್ ಕೆಲಸ. ಹೆಂಗಸರು ಮಕ್ಕಳ ಕಷ್ಟದ ಅರ್ಜಿಗಳು ಬರುವ ಕಚೇರಿ ಎಂದರೆ ಸಾಕು, ಬೋರ್ಡಿನ ಮೇಲಿನ ಹೆಸರು ನಮಗೆ ಬೇಡ. ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ನಂಜನಗೂಡು ಬಿಟ್ಟರೆ ಸಂಜೆ ಆರೂಕಾಲಿನ ಬಸ್ಸಿಗೆ ವಾಪಸ್. ಕಪಿಲೆಯೂ ನಂಜನಗೂಡಿನಿಂದ ನರಸೀಪುರಕ್ಕೇ ಹೋಗುವುದು, ಆದರೆ ಅವಳಿಗೆ ಸಂಜೆ ವಾಪಸ್ ಬರುವ ಕರ್ಮವಿಲ್ಲ ಎಂದು ಪಕ್ಕದ ಸೀಟಿನವರಿಗೆ ಹೇಳಿ ತಾನೇ ಮೊದಲು ನಗುತ್ತಿದ್ದ. ಈ ಒಂದೇ ತಮಾಷೆಯನ್ನು ಮೂವತ್ತೊಂದು ವರ್ಷ ಹೇಳಿದ. ಈಗ ಹೇಳುವುದಿಲ್ಲ.

ಪುಸ್ತಕ ಹೊಲಿಯುವ ಕೆಲಸ ಹೀಗಿತ್ತು. ಕಚೇರಿಯಲ್ಲಿ ಜೆರಾಕ್ಸ್ ಮಾಡುವಾಗ ಸೊಟ್ಟ ಬಂದ ಹಾಳೆ, ಮಸುಕಾಗಿ ಬಂದ ಹಾಳೆ, ಎರಡೆರಡು ಸಲ ಬಂದ ಸುತ್ತೋಲೆ, ಇವೆಲ್ಲ ಒಂದು ಮಗ್ಗುಲು ಮಾತ್ರ ಅಚ್ಚಾಗಿ ಇನ್ನೊಂದು ಮಗ್ಗುಲು ಖಾಲಿ ಉಳಿದಿರುತ್ತವೆ. ಅವನ್ನು ಎಸೆಯಲು ಹುಚ್ಚಯ್ಯನಿಗೆ ಮನಸ್ಸು ಬರುತ್ತಿರಲಿಲ್ಲ. ಜೆರಾಕ್ಸ್ ಮಷಿನ್ನಿನ ಪಕ್ಕ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದ. ಕೆಟ್ಟ ಹಾಳೆಯೆಲ್ಲ ಅದರೊಳಕ್ಕೆ. ವಾರಕ್ಕೊಮ್ಮೆ ಮಧ್ಯಾಹ್ನದ ಬಿಡುವಿನಲ್ಲಿ ನಲವತ್ತು ಹಾಳೆಗೊಂದು ಕಟ್ಟು ಮಾಡಿ, ಎಡದ ಅಂಚಿಗೆ ದಬ್ಬಳದಲ್ಲಿ ಮೂರು ತೂತು ಹೊಡೆದು, ಫೈಲು ಕಟ್ಟುವ ಕೆಂಪು ದಾರದಿಂದ ಹೊಲಿದು, ಹಳೇ ಫೈಲಿನ ರಟ್ಟನ್ನು ಮೇಲೆ ಹೊದಿಸಿದರೆ ರಫ್ ಪುಸ್ತಕ ತಯಾರು. ಗಂಟನ್ನು ಅವನು ಯಾವಾಗಲೂ ನಡುವಿನ ತೂತಿನ ಮೇಲೆ, ಒಳಬದಿಗೆ ಹಾಕುತ್ತಿದ್ದ. ಬರೆಯುವಾಗ ಮಗುವಿನ ಕೈಗೆ ಒತ್ತಬಾರದು ನೋಡಿ. ಅಷ್ಟು ನಾಜೂಕು.

ಅವನು ಹುಟ್ಟಿದ್ದು ತಗಡೂರಿನಲ್ಲಿ. ಊರಿಗೆ ಊರೇ ಸ್ವಾತಂತ್ರ್ಯದ ಹೋರಾಟಕ್ಕೆ ಹೋಗಿತ್ತೆಂದು ಮೇಷ್ಟ್ರು ಹೆಮ್ಮೆಯಿಂದ ಪಾಠ ಮಾಡುತ್ತಿದ್ದರು, ಹುಚ್ಚಯ್ಯ ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳಲು ಹಾಳೆಯಿಲ್ಲದೆ ಕೈ ಕಟ್ಟಿಕೊಂಡು ಕೇಳುತ್ತಿದ್ದ. ಕೂಲಿ ಮಾಡುವ ಅಪ್ಪ ಯಾರದೋ ಮನೆಯ ಹಳೆ ಕ್ಯಾಲೆಂಡರಿನ ಹಾಳೆ ಬೇಡಿ ತಂದರೆ ಅದರ ಹಿಂದುಗಡೆ ಬರೆಯಬೇಕು. ವರ್ಷಕ್ಕೆ ಹನ್ನೆರಡೇ ತಿಂಗಳು, ಹಾಳೆಯೂ ಹನ್ನೆರಡೇ. ಏಳನೆಯ ತರಗತಿಗೆ ಓದು ನಿಂತಿದ್ದು ಹಾಳೆಯಿಲ್ಲದ್ದಕ್ಕಲ್ಲ, ಆದರೆ ಅವನ ತಲೆಯಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡುಬಿಟ್ಟಿದ್ದವು. ಆದ್ದರಿಂದಲೇ ಒಂದು ಮಗ್ಗುಲು ಖಾಲಿಯಿರುವ ಹಾಳೆ ಕಸದ ಬುಟ್ಟಿಯಲ್ಲಿ ಬಿದ್ದಿದ್ದರೆ ಅವನಿಗೆ ಅನ್ನ ಚೆಲ್ಲಿದ ಹಾಗೆ ಕಾಣುತ್ತಿತ್ತು.

ಕಚೇರಿಯಲ್ಲಿ ಇದಕ್ಕೆ ಯಾರೂ ಬೇಡವೆಂದವರಿಲ್ಲ. ಒಬ್ಬ ಹಳೇ ಸಾಹೇಬರು ಮಕ್ಕಳ ದಿನಾಚರಣೆಯಲ್ಲಿ ಅವನಿಗೆ ಶಾಲು ಹೊದಿಸಿದ್ದೂ ಉಂಟು. ಗೌಪ್ಯ ಎಂಬ ಮೊಹರು ಬೀಳುವ ಕಾಗದ ಕೆಟ್ಟರೆ ಮೇಲಧಿಕಾರಿಯ ಎದುರಿಗೇ ಹರಿದು ಸುಡಬೇಕೆಂಬ ನಿಯಮವೇನೋ ಇತ್ತು, ಗೋಡೆಗೂ ಅಂಟಿಸಿದ್ದರು. ಅದನ್ನು ಅಂಟಿಸಿದವನೂ ಹುಚ್ಚಯ್ಯನೇ. ಗೋಡೆಗೆ ಅಂಟಿಸಿದ್ದನ್ನು ಓದುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಯಾರಿಗಿದೆ?

ಕಳೆದ ವರ್ಷ ಮೇ ತಿಂಗಳಲ್ಲಿ ಒಂದು ದಿನ ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬಳು ಹೆಂಗಸು ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡು ಕಚೇರಿಯ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರುವುದೋ ಬೇಡವೋ ಎಂಬ ಹಾಗೆ ಎರಡು ಸಲ ಹಿಂದೆ ತಿರುಗಿ ರಸ್ತೆ ನೋಡಿದಳು. ಹುಚ್ಚಯ್ಯನೇ ಎದ್ದು ಹೋಗಿ ಏನವ್ವ ಎಂದು ಕೇಳಿದ.

ಅವಳ ಹೆಸರು ವನಿತಾ. ತವರು ತಾಂಡವಪುರ, ಕೊಟ್ಟಿದ್ದು ನರಸೀಪುರದಿಂದ ಎಂಟು ಕಿಲೋಮೀಟರ್ ಆಚೆಯ ಹಳ್ಳಿಗೆ. ಅವಳ ಗಂಡನ ತಂಗಿಗೆ ಇನ್ನೂ ಹದಿನೈದು ತುಂಬಿರಲಿಲ್ಲ, ಹತ್ತನೇ ತರಗತಿಗೆ ಹೋಗಬೇಕಿದ್ದ ಹುಡುಗಿ. ಅವಳನ್ನು ಹುಲ್ಲಹಳ್ಳಿಯ ನಂಜೇಶ ಎಂಬ ಇಪ್ಪತ್ತೊಂಬತ್ತರ ಗಂಡಿಗೆ ಕೊಡಲು ಮನೆಯವರು ದಿನ ಗೊತ್ತು ಮಾಡಿದ್ದರು. ವನಿತಾಳನ್ನೂ ಹದಿನಾರಕ್ಕೇ ಮದುವೆ ಮಾಡಿದ್ದರಂತೆ. ಅರ್ಜಿ ಅವಳೇ ಕೈಯಾರೆ ಬರೆದಿದ್ದಳು, ಎರಡು ಪುಟ.

"ನನ್ನೆಸ್ರು ಆಚೆ ಬಂದ್ರೆ ನನ್ನ ಮನೇಲಿ ಇಟ್ಕೊಳಕಿಲ್ಲ ಕಣಣ್ಣ," ಎಂದಳು. "ಮಗೀನೂ ಕಿತ್ಕೊಂಡ್ಬುಡ್ತರೆ."

"ಇಲ್ಲಿಂದ ಒಂದಕ್ಸರ ಆಚಿಗ್ ಓಗಾಕಿಲ್ಲ ಕಣವ್ವ," ಎಂದ ಹುಚ್ಚಯ್ಯ. "ಮೂವತ್ತೊಂದು ವರ್ಸದಿಂದ ನೋಡ್ತಾ ಇವ್ನಿ. ನನ್ ಮಾತು ನಂಬು."

ಮಗುವಿಗೆ ಅವನೊಂದು ಬಿಸ್ಕತ್ತು ಕೊಟ್ಟ. ಅರ್ಜಿಯನ್ನು ತಾನೇ ಒಳಗೆ ತೆಗೆದುಕೊಂಡು ಹೋಗಿ ಯಶೋಧರಾ ಮೇಡಂ ಕೈಗೆ ಕೊಟ್ಟ. ಮೇಡಂ ಆ ಕಚೇರಿಯ ಮುಖ್ಯಸ್ಥೆ, ಕೆಲಸದಲ್ಲಿ ಚುರುಕು. ಮಾರನೆಯ ದಿನವೇ ಪೊಲೀಸರೊಂದಿಗೆ ಹಳ್ಳಿಗೆ ಹೋಗಿ ಮದುವೆ ನಿಲ್ಲಿಸಿ, ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲವೆಂದು ಹುಡುಗಿಯ ತಂದೆಯಿಂದ ಮುಚ್ಚಳಿಕೆ ಬರೆಸಿಕೊಂಡು ಬಂದರು. ದೂರು ಕೊಟ್ಟವರು ಯಾರೆಂದು ಎರಡೂ ಕಡೆಯವರು ತಲೆ ಕೆಡಿಸಿಕೊಂಡರು. ಶಾಲೆಯ ಮೇಷ್ಟ್ರನ್ನು ಬೈದರು, ಅಂಗನವಾಡಿ ಟೀಚರ್ ಮನೆ ಮುಂದೆ ಗಲಾಟೆ ಮಾಡಿದರು. ಮನೆಯ ಸೊಸೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಜುಲೈನಲ್ಲಿ ಮೈಸೂರಿನ ಮೇಲಿನ ಕಚೇರಿ ಆ ಪ್ರಕರಣದ ವರದಿ ಕೇಳಿತು. ಅರ್ಜಿಯ ಪ್ರತಿ ತೆಗೆಯುವ ಕೆಲಸ ಗುಮಾಸ್ತ ಬಸವಪ್ರಸಾದನಿಗೆ ಬಿತ್ತು. ಮೊದಲ ಪ್ರತಿ ಸೊಟ್ಟ ಬಂತು. ಇನ್ನೊಂದು ತೆಗೆದ, ಅದು ಸರಿಯಾಯಿತು. ಸೊಟ್ಟ ಬಂದ ಎರಡು ಹಾಳೆಯನ್ನು ಹರಿಯಬೇಕು, ಮೇಡಂ ಎದುರಿಗೆ ಸುಡಬೇಕು. ಅವನಿಗೆ ಊಟದ ಹೊತ್ತಾಗಿತ್ತು. ಪಕ್ಕದಲ್ಲೇ ಇದ್ದ ಪೆಟ್ಟಿಗೆಯೊಳಕ್ಕೆ ಎಸೆದು ಕೈ ತೊಳೆಯಲು ಹೋದ. ಇದು ಮಂಗಳವಾರ.

ಬುಧವಾರ ಹುಚ್ಚಯ್ಯ ಆರು ಪುಸ್ತಕ ಹೊಲಿದ. ಹೊಲಿಯುವಾಗ ಅಚ್ಚಾದ ಮಗ್ಗುಲನ್ನು ಅವನು ಓದುತ್ತಿರಲಿಲ್ಲ. ಖಾಲಿ ಮಗ್ಗುಲು ಮೇಲಕ್ಕೆ ಬಂತೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದ. ಅಂದು ಸಂಜೆಯೇ ಅವನ ಬೀದಿಯ ಸಮುದಾಯ ಭವನದಲ್ಲಿ ಜಗನ್ ನಡೆಸುವ ಟ್ಯೂಷನ್ನಿಗೆ ಒಯ್ದು ಆರು ಮಕ್ಕಳಿಗೆ ಹಂಚಿದ. ಮಕ್ಕಳು ಸಾಲಾಗಿ ನಿಂತು ಥ್ಯಾಂಕ್ಸ್ ತಾತ ಎಂದರು. ಅವನ ಬದುಕಿನಲ್ಲಿ ಹೇಳಿಕೊಳ್ಳುವ ಸಂತೋಷವೆಂದರೆ ಅದೊಂದೇ, ಅಂದೂ ಅದನ್ನು ಪೂರ್ತಿಯಾಗಿ ಅನುಭವಿಸಿ ಮನೆಗೆ ಹೋದ.

ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಇನ್ನೊಂದು ಕಟ್ಟಿಗೆ ಹಾಳೆ ಜೋಡಿಸುತ್ತಿದ್ದ. ಒಂದು ಹಾಳೆಯ ಮೂಲೆ ಮಡಿಸಿಕೊಂಡು ಅಂಚಿಗೆ ಕೂರಲಿಲ್ಲ. ತಿರುಗಿಸಿ ನೋಡಿದ. ಕೈಬರಹ. ಹೆಂಗಸಿನ ಕೈಬರಹ, ಸಾಲುಗಳು ಕೆಳಕ್ಕೆ ಇಳಿದಿದ್ದವು. ಕನ್ನಡಕ ಹಾಕಿಕೊಂಡು ಓದಿದ. "ನನ್ನ ಹೆಸರು ದಯಮಾಡಿ ಯಾರಿಗೂ ತಿಳಿಯಬಾರದು, ತಿಳಿದರೆ ನನಗೆ ನೆಲೆಯಿಲ್ಲ." ಕೆಳಗೆ ಸಹಿ, ವನಿತಾ.

ಇದು ಎರಡನೆಯ ಪುಟ. ಮೊದಲನೆಯ ಪುಟದಲ್ಲಿ ಇವಳ ಹೆಸರು, ಗಂಡನ ಹೆಸರು, ಊರು, ಆ ಹುಡುಗಿಯ ಹೆಸರು, ಗಂಡಿನ ಹೆಸರು ಎಲ್ಲ ಇತ್ತು. ಪೆಟ್ಟಿಗೆಯನ್ನು ಬೋರಲು ಹಾಕಿ ಹುಡುಕಿದ. ಇರಲಿಲ್ಲ. ಹಾಗಾದರೆ ಬುಧವಾರದ ಆರು ಪುಸ್ತಕದಲ್ಲೇ ಎಲ್ಲೋ ಹೋಗಿ ಸೇರಿದೆ.

ಮೇಡಂ ಕೊಠಡಿ ಹತ್ತು ಹೆಜ್ಜೆ ದೂರ. ಅವನು ಎದ್ದ. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು ಬಾಗಿಲ ತನಕ ಹೋದ. ಹೋಗುವಾಗ ಹೇಳುವುದೆಂದೇ ಇತ್ತು, ಇದನ್ನು ಅವನ ಪರವಾಗಿ ಹೇಳಲೇಬೇಕು. ಮೇಡಂ ಕಂಪ್ಯೂಟರಿನಿಂದ ತಲೆಯೆತ್ತಿ "ಏನ್ ಹುಚ್ಚಯ್ಯ?" ಎಂದರು. ಆ ಗಳಿಗೆಯಲ್ಲಿ ಅವನ ಕಣ್ಣಿಗೆ ಕಂಡದ್ದು ಮೇಡಂ ಮುಖವಲ್ಲ, ನಿವೃತ್ತಿಗೆ ಉಳಿದ ಹದಿನಾರು ತಿಂಗಳು. ಸಸ್ಪೆಂಡು ಎಂಬ ಪದ ಕಿವಿಯಲ್ಲಿ ಗುಂಯ್ ಎಂದಿತು.

"ಟೀ ತರ್ಲಾ ಮೇಡಂ?" ಎಂದ.

"ತನ್ನಿ," ಎಂದರು ಮೇಡಂ.

ಟೀ ತಂದುಕೊಟ್ಟು ಅವನು ಆರೂಕಾಲಿನ ಬಸ್ಸಿಗೂ ಕಾಯದೆ ಐದರ ಬಸ್ಸು ಹತ್ತಿದ. ದಾರಿಯಲ್ಲಿ ತನಗೆ ತಾನೇ ಸಮಾಧಾನ ಹೇಳಿಕೊಂಡ. ರಫ್ ಪುಸ್ತಕದ ಹಿಂಬದಿಯನ್ನು ಯಾರು ಓದುತ್ತಾರೆ? ಆರೂ ಪುಸ್ತಕ ವಾಪಸ್ ತಗೊಂಡು, ಆ ಹಾಳೆ ಕಿತ್ತು ಒಲೆಗೆ ಹಾಕಿದರೆ ಮುಗಿಯಿತು. ಯಾರಿಗೂ ತೊಂದರೆಯಿಲ್ಲ. ತಪ್ಪು ಮಾಡಿದವನೇ ಸರಿ ಮಾಡಿದರೆ ತಪ್ಪೇನಿದೆ? ಹೀಗೆ ಅಂದುಕೊಂಡೇ ಎಷ್ಟೋ ಜನ ಹಾಳಾಗಿದ್ದಾರೆ, ಆದರೆ ಬಸ್ಸಿನಲ್ಲಿ ಕೂತವನಿಗೆ ಅದನ್ನು ಹೇಳುವವರು ಯಾರು?

ಮನೆಯಲ್ಲಿ ಹೆಂಡತಿ ಮಹದೇವಮ್ಮನಿಗೆ ಹೇಳಿದ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು.

"ಮೇಡಮ್ಮೋರ್ಗೆ ಏಳುದ್ರಾ?"

"ಇಲ್ಲ."

"ಏಳ್ಬ್ಯಾಡಿ," ಎಂದಳು. "ಇನ್ನೊಂದೂವರೆ ವರ್ಸ. ಬುಕ್ಕ ಈಸ್ಕೊಂಡ್ಬನ್ನಿ, ಸುಮ್ನಿರಿ." ಮತ್ತೆ ಸೊಪ್ಪಿಗೆ ಕೈ ಹಾಕುತ್ತ, "ಆ ಎಣ್ಣುಮಗ್ಳಿಗೆ ಏನೂ ಆಗ್ದಿದ್ರೆ ಸಾಕು," ಎಂದಳು. ಎರಡನೆಯ ಮಾತು ಅವನಿಗೆ ಕೇಳಿಸಿತು. ಆದರೆ ಅವನು ಮೊದಲನೆಯ ಮಾತನ್ನು ಹಿಡಿದುಕೊಂಡ.

ಅಂಗಡಿಯಿಂದ ಗೆರೆ ಹೊಡೆದ ಆರು ಹೊಸ ನೋಟ್‌ಬುಕ್ ತಂದ. ಟ್ಯೂಷನ್ನಿಗೆ ಹೋಗಿ, ಹಳೇದು ಕೊಟ್ಟು ಹೊಸದು ತಗೊಳ್ಳಿ ಎಂದ. ತಾತನ ಪುಸ್ತಕಕ್ಕೆ ಬದಲು ಅಂಗಡಿ ಪುಸ್ತಕ ಸಿಗುವುದೆಂದರೆ ಯಾವ ಮಗು ಬೇಡವೆನ್ನುತ್ತದೆ? ಜಗನ್ ಮಾತ್ರ ಅವನ ಮುಖ ನೋಡಿ, "ಏನ್ ಸಮಾಚಾರ ತಾತ, ಬಡ್ತಿ ಬಂತಾ?" ಎಂದು ರೇಗಿಸಿದ. ಹುಚ್ಚಯ್ಯ ನಗಲಿಲ್ಲ. ಐದು ಪುಸ್ತಕ ಬಂದವು. ಆರನೆಯದು ಐದನೇ ತರಗತಿಯ ಗಾನವಿಯದು. ಅವಳು ಅಂದು ಬಂದಿರಲಿಲ್ಲ.

ಐದು ಪುಸ್ತಕದ ಹಾಳೆಗಳನ್ನೂ ಒಂದೊಂದಾಗಿ ತಿರುವಿ ನೋಡಿದ. ಆ ಪುಟ ಅವುಗಳಲ್ಲಿ ಇರಲಿಲ್ಲ.

ಎರಡನೇ ಶನಿವಾರದ ರಜೆ. ಬೆಳಿಗ್ಗೆ ಗಾನವಿಯ ಮನೆಗೆ ಹೋದರೆ ಬೀಗ. ಮಗಳನ್ನು ಕರೆದುಕೊಂಡು ತಾಯಿ ಶುಕ್ರವಾರವೇ ತವರಿಗೆ ಹೋಗಿದ್ದಾಳೆ, ಭಾನುವಾರ ಸಂಜೆಗೆ ಬರುತ್ತಾಳೆ ಎಂದರು ಪಕ್ಕದ ಮನೆಯವರು.

"ತವ್ರು ಎಲ್ಲಾಯ್ತದೆ?" ಎಂದ.

"ಉಲ್ಲಳ್ಳಿ ಕಣಯ್ಯ. ಅವುಳ್ ತಮ್ಮುಂದು ಮದ್ವೆ ನಿಂತೋಯ್ತಲ್ಲ ಮೇ ತಿಂಗ್ಳಲ್ಲಿ, ಆ ಮನೆ. ನಂಜೇಸ ಅಂತ."

ಹುಚ್ಚಯ್ಯ ಅವರ ಜಗುಲಿಯ ಮೇಲೇ ಕೂತುಬಿಟ್ಟ. ನೀರು ಕೊಟ್ಟರು, ಕುಡಿದ. ಅವನ ಬಳಿ ಫೋನಿತ್ತು. ಮೇಡಂ ನಂಬರು ಅದರಲ್ಲಿ ಮೇಲಿನಿಂದ ಎರಡನೆಯದು. ತೆಗೆದು ನೋಡಿದ, ಮತ್ತೆ ಜೇಬಿಗಿಟ್ಟ. ಅಂದು ಇಡೀ ದಿನ ಹಾಗೆ ಎಷ್ಟು ಸಲ ಮಾಡಿದನೋ, ಮಹದೇವಮ್ಮನಿಗೆ ನೋಡಿ ನೋಡಿ ಸಾಕಾಯಿತು. ಹೇಳಿದರೆ ನಿನ್ನೆಯೇ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಒಂದು ದಿನ ಮುಚ್ಚಿಟ್ಟವನಿಗೆ ಎರಡನೆಯ ದಿನ ಬಾಯಿ ಬಿಡುವುದು ಇನ್ನೂ ಕಷ್ಟ.

ಭಾನುವಾರ ಬೆಳಿಗ್ಗೆ ಹುಲ್ಲಹಳ್ಳಿಯ ಬಸ್ಸು ಹತ್ತಿದ. ನಾಲೆಯಲ್ಲಿ ನೀರು ಬಿಟ್ಟಿದ್ದರು, ಗದ್ದೆಗಳಲ್ಲಿ ನಾಟಿಗೆ ಸಸಿಮಡಿ ಹಾಕಿದ್ದರು. ಕೇಳಿಕೊಂಡು ಮನೆ ಹುಡುಕಿ ಹೋದಾಗ ಹನ್ನೊಂದು ಗಂಟೆ. ಗಾನವಿ ಬಾಗಿಲಲ್ಲೇ ಆಡುತ್ತಿದ್ದಳು. ತಾತನನ್ನು ನೋಡಿ ಅವಳಿಗೆ ಖುಷಿಯೋ ಖುಷಿ. ಒಳಗೆ ಹೋಗಿ ಪುಸ್ತಕ ತಂದು ಕೊಟ್ಟಳು. ಹುಚ್ಚಯ್ಯ ಅಲ್ಲೇ ನಿಂತು ತಿರುವಿದ. ನಡುವೆ ಒಂದು ಕಡೆ, ಅವನು ಹೊಲಿದ ದಾರದ ಪಕ್ಕದಲ್ಲಿ, ಹಾಳೆ ಹರಿದ ಅಂಚು ಮಾತ್ರ ಉಳಿದಿತ್ತು.

"ಇದೆಲ್ಲೋಯ್ತವ್ವ?"

"ಅಮ್ಮ ಕಿತ್ಕೊಂಡ್ಳು ತಾತ. ನನ್ನ ಓಂವರ್ಕ್ ನೋಡ್ತಾ ಇಂದ್ಗಡೆ ಓದುದ್ಲು. ಮಾಮನೂ ಓದ್ತು. ಆಮೇಲೆ ಎಲ್ರೂ ಜೋರಾಗ್ ಕಿರ್ಚಾಡಿದ್ರು." ಒಳಗಿನಿಂದ ಈಗಲೂ ಗಂಡಸರ ದನಿ ಕೇಳುತ್ತಿತ್ತು. ಊಟ ಮುಗಿಸಿಕೊಂಡು ನಾಲ್ಕು ಬೈಕಿನಲ್ಲಿ ಹೋಗುವ ಮಾತು, ಎಲ್ಲಿಗೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಂದರೆ ಇನ್ನೂ ಹೊತ್ತಿತ್ತು. ಹುಚ್ಚಯ್ಯ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದು ಕಲ್ಲುಬೆಂಚಿನ ಮೇಲೆ ಕೂತ. ಫೋನ್ ತೆಗೆದ. ಇನ್ನು ಹೇಳಿ ಏನು ಪ್ರಯೋಜನ, ಓದಿದ್ದಾಯಿತಲ್ಲ ಎಂದುಕೊಂಡ. ಬಸ್ಸು ಬಂತು, ಹತ್ತಿದ. ಈ ಮನುಷ್ಯ ಕೆಟ್ಟವನಲ್ಲ ಎಂದು ಹೇಳಲು ಹೊರಟ ನನಗೂ ಈ ಜಾಗದಲ್ಲಿ ಸಿಟ್ಟು ಬರುತ್ತದೆ.

ಸೋಮವಾರ ಅವನು ಕಚೇರಿಗೆ ಹೋಗುವ ಹೊತ್ತಿಗೆ ಮೇಡಂ ಬಂದಿದ್ದರು. ತಾಂಡವಪುರದಿಂದ ವನಿತಾ ಫೋನ್ ಮಾಡಿದ್ದಳು. ಭಾನುವಾರ ಸಂಜೆ ಹುಲ್ಲಹಳ್ಳಿಯವರು ಅವಳ ಗಂಡನ ಮನೆಗೆ ಬಂದು ಅಂಗಳದಲ್ಲಿ ನಿಂತು ಅವಳ ಅರ್ಜಿಯನ್ನು ಜೋರಾಗಿ ಓದಿದರಂತೆ, ಬೀದಿಗೆಲ್ಲ ಕೇಳುವ ಹಾಗೆ. ಅವಳ ಅತ್ತೆ ಅವಳ ಬಟ್ಟೆಯನ್ನು ಹೊರಗೆ ಎಸೆದಳಂತೆ. ಗಂಡ ಏನೂ ಮಾತಾಡದೆ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡನಂತೆ. ಮಗು ಒಳಗಿನಿಂದ ಕೂಗುತ್ತಿದ್ದುದು ಅವಳಿಗೆ ಬಸ್ಸು ನಿಲ್ಲುವ ಜಾಗದ ತನಕ ಕೇಳಿಸಿತಂತೆ.

ಮೇಡಂ ಎಲ್ಲರನ್ನೂ ಕೊಠಡಿಗೆ ಕರೆದು ಒಂದೇ ಪ್ರಶ್ನೆ ಕೇಳಿದರು. "ಈ ಕಾಗದ ಇಲ್ಲಿಂದ ಹೇಗೆ ಹೊರಗೆ ಹೋಯಿತು?"

ಬಸವಪ್ರಸಾದ ತನಗೇನೂ ಗೊತ್ತಿಲ್ಲವೆಂದ. ಕೆಟ್ಟ ಪ್ರತಿಯನ್ನು ತಾನು ಯಾವಾಗಲೂ ಹರಿದೇ ಹಾಕುವುದು ಎಂದ. ಸ್ವಲ್ಪ ಹೊತ್ತಿಗೆ ಫೋನ್ ಬಂದವನ ಹಾಗೆ ಎದ್ದು ಹೋದ. ಹಿತ್ತಲ ಕಡೆಯಿಂದ ಕಾಗದ ಸುಟ್ಟ ವಾಸನೆ ಬಂತು. ಸುಡುತ್ತಿರುವುದು ಆ ರಟ್ಟಿನ ಪೆಟ್ಟಿಗೆ ಎಂದು ಹುಚ್ಚಯ್ಯನಿಗೆ ತಕ್ಷಣ ಗೊತ್ತಾಯಿತು. ಮೂರು ದಿನದಿಂದ ಎದೆಯಲ್ಲಿ ಕೂತಿದ್ದದ್ದು ಆ ವಾಸನೆಗೆ ಎದ್ದು ಬಂತೋ ಏನೋ. ಜೇಬಿನಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಚೀಲದಿಂದ ಆರು ರಫ್ ಪುಸ್ತಕಗಳನ್ನೂ ತೆಗೆದಿಟ್ಟ.

"ನನ್ನಿಂದ ಮೇಡಂ," ಎಂದ. "ಒಲ್ದೋನು ನಾನೇ, ಕೊಟ್ಟೋನು ನಾನೇ. ಸುಕ್ರವಾರ ನಾಕು ಗಂಟೆಗೇ ಗೊತ್ತಾಗಿತ್ತು. ನಿಮ್ಮ ಬಾಗ್ಲ ತಂಕ ಬಂದು ಟೀ ತರ್ಲಾ ಅಂದೆ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡು, "ಶುಕ್ರವಾರ ಹೇಳಿದ್ರೆ ಅವತ್ತೇ ಅವಳನ್ನೂ ಮಗುವನ್ನೂ ಅಲ್ಲಿಂದ ಕರೆತಂದುಬಿಡ್ತಿದ್ದೆ," ಎಂದರು.

ವಿಚಾರಣೆಗೆ ಮೈಸೂರಿನಿಂದ ಒಬ್ಬ ಹಿರಿಯ ಅಧಿಕಾರಿ ಬಂದರು. ಅದಕ್ಕೆ ಹಿಂದಿನ ದಿನ ಬಸವಪ್ರಸಾದ ಹುಚ್ಚಯ್ಯನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ದೋಸೆ ಹೇಳಿದ.

"ಪೆಟ್ಟಿಗೆಗೆ ಹಾಕಿದ್ದು ಯಾರು ಅಂತ ನಿಮಗೆ ಗೊತ್ತಿಲ್ಲ ಅನ್ನಿ ಸಾಕು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋದು ಸುಳ್ಳಲ್ಲ ಹುಚ್ಚಯ್ಯ."

"ನೀವೇ ಪ್ರತಿ ತಗುದ್ರಿ ಸಾ, ನಾನು ನೋಡ್ದೆ," ಎಂದ ಹುಚ್ಚಯ್ಯ. "ಮೂರು ದಿನ ಬಾಯ್ ಮುಚ್ಕೊಂಡಿದ್ದೆ. ಅದಕ್ಕೆ ಒಂದು ಎಣ್ಮಗಳ ಕೈಯಿಂದ ಮಗ ಓಯ್ತು. ಇನ್ ಮುಚ್ಕೊಳಾಕಾಗಕಿಲ್ಲ." ದೋಸೆ ಮುಟ್ಟದೆ ಎದ್ದು ಬಂದ.

ಅಧಿಕಾರಿ ಕೇಳಿದ್ದಕ್ಕೆಲ್ಲ ಹುಚ್ಚಯ್ಯ ಉತ್ತರ ಕೊಟ್ಟ. ಕೇಳದ್ದನ್ನೂ ಹೇಳಿದ. ಹುಲ್ಲಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಫೋನ್ ತೆಗೆದು ಒಳಗಿಟ್ಟಿದ್ದನ್ನೂ ಹೇಳಿದ. ಅಧಿಕಾರಿ ಒಂದು ಸಲ ತಲೆಯೆತ್ತಿ ನೋಡಿ, "ಅದನ್ನ ಬರೆಸಬೇಕಾ? ನಿಮಗೇ ತೊಂದರೆ," ಎಂದರು. "ಬರ್ಕೊಳಿ ಸಾ," ಎಂದ ಹುಚ್ಚಯ್ಯ. ಅವರು ಬರೆದುಕೊಂಡರೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಬಸವಪ್ರಸಾದ ಎರಡು ಹೇಳಿಕೆ ಕೊಟ್ಟ, ಎರಡೂ ಒಂದಕ್ಕೊಂದು ತಾಳೆಯಾಗಲಿಲ್ಲ. ಹಿತ್ತಲಲ್ಲಿ ಅವನು ಬೆಂಕಿ ಹಾಕಿದ್ದನ್ನು ಗುಡಿಸುವ ಹೆಂಗಸು ನೋಡಿದ್ದಳು.

ನವೆಂಬರಿನಲ್ಲಿ ಆದೇಶ ಬಂತು. ಬಸವಪ್ರಸಾದನನ್ನು ಸಾಕ್ಷ್ಯ ನಾಶ ಮಾಡಿ ಸುಳ್ಳು ಹೇಳಿದ್ದಕ್ಕಾಗಿ ಅಮಾನತು ಮಾಡಿದ್ದರು. ಹುಚ್ಚಯ್ಯನ ಹೆಸರಿನ ಲಕೋಟೆಯಲ್ಲಿ ಒಂದು ಪುಟ. "ಸದರಿ ನೌಕರನಲ್ಲಿ ಯಾವುದೇ ದುರುದ್ದೇಶ ಕಂಡುಬಂದಿರುವುದಿಲ್ಲ. ವಿಚಾರಣೆಗೆ ಸಂಪೂರ್ಣ ಸಹಕಾರ ನೀಡಿರುತ್ತಾರೆ. ಆದುದರಿಂದ ಒಂದು ವಾರ್ಷಿಕ ವೇತನ ಬಡ್ತಿಯನ್ನು ತಡೆಹಿಡಿದು, ಮುಂದೆ ಎಚ್ಚರದಿಂದಿರಲು ತಿಳಿಸಿದೆ." ಕೆಲಸ ಉಳಿಯಿತು, ಪಿಂಚಣಿ ಉಳಿಯಿತು. ಓದಿ ಮುಗಿಸಿದಾಗ ಮೈಯಿಂದ ಮೂಟೆ ಇಳಿಸಿದ ಹಾಗಾಯಿತು ಅವನಿಗೆ, ಅದು ಸುಳ್ಳಲ್ಲ. ಹಿಂದೆಯೇ ನಾಚಿಕೆಯಾಯಿತು. ಆದೇಶದಲ್ಲಿ ಬರೆದದ್ದೆಲ್ಲ ನಿಜವೇ. ಅವನಿಗೆ ಕೆಟ್ಟ ಉದ್ದೇಶವಿರಲಿಲ್ಲ, ಕೇಳಿದಾಗ ಏನನ್ನೂ ಮುಚ್ಚಿಡಲಿಲ್ಲ. ಆದರೆ ಸರ್ಕಾರ ಅವನ ಸಹಕಾರವನ್ನು ಸೋಮವಾರದಿಂದ ಲೆಕ್ಕ ಹಿಡಿದಿತ್ತು. ಅದು ಬೇಕಾಗಿದ್ದದ್ದು ಶುಕ್ರವಾರ.

ಆದೇಶವನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಿರುವಾಗಲೇ ವನಿತಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಅರ್ಜಿ. ಸೊಂಟದ ಮೇಲೆ ಮಗು ಇರಲಿಲ್ಲ. ಈ ಸಲ ಅವಳು ಹಿಂದೆ ತಿರುಗಿ ರಸ್ತೆ ನೋಡಲಿಲ್ಲ, ನೋಡುವಂಥದ್ದು ಏನೂ ಉಳಿದಿರಲಿಲ್ಲ ಅವಳಿಗೆ.

"ಮೇಡಮ್ಮೋರು ಅವ್ರಾ?" ಎಂದಳು.

"ಮೈಸೂರ್ಗೋಗವ್ರೆ ಕಣವ್ವ, ಮೀಟಿಂಗು. ಸಂಜೆ ಆಯ್ತದೆ." ಹುಚ್ಚಯ್ಯ ಬೆಂಚು ತೋರಿಸಿದ. ಅವಳು ಕೂತಳು. ಅವನು ನಿಂತೇ ಇದ್ದ.

ತಪ್ಪು ಮಾಡಿದವರು ಯಾರೆಂದು ಇವಳಿಗೆ ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕಚೇರಿಯಿಂದ ತಪ್ಪಾಗಿದೆ ಎಂದಷ್ಟೇ ಅವಳಿಗೆ ಹೇಳಿದ್ದರು. ಸುಮ್ಮನಿರಬಹುದಾಗಿತ್ತು. ಸುಮ್ಮನಿರುವುದು ಹೇಗೆಂದು ಅವನಿಗೆ ಚೆನ್ನಾಗಿ ಬರುತ್ತಿತ್ತು.

"ಆ ಆಳೆ ನನ್ ಕೈಯಿಂದ್ಲೇ ಓಗಿದ್ದು ಕಣವ್ವ," ಎಂದ. ಪೆಟ್ಟಿಗೆಯ ವಿಷಯ, ಪುಸ್ತಕದ ವಿಷಯ, ಮಕ್ಕಳ ವಿಷಯ ಎಲ್ಲ ಹೇಳಿದ. ವನಿತಾ ನೆಲ ನೋಡಿಕೊಂಡು ಕೇಳಿದಳು. ಅಳಲಿಲ್ಲ, ಬೈಯಲಿಲ್ಲ.

"ಬೇಕೂಂತ ಮಾಡಿಲ್ವಲ್ಲ ನೀವು," ಎಂದಳು ಕೊನೆಗೆ. ಆ ಮಾತಿಗೆ ಹುಚ್ಚಯ್ಯನ ಕಣ್ಣು ತುಂಬಿತು. ಅಷ್ಟರಲ್ಲಿ ಅವಳು ತಲೆಯೆತ್ತಿ ಕೇಳಿದಳು. "ನಿಮ್ಗೆ ಯಾವಾಗ ಗೊತ್ತಾಯ್ತು?"

ಸೋಮವಾರ ಎನ್ನಬಹುದಿತ್ತು.

"ಸುಕ್ರವಾರ," ಎಂದ. "ಸಾಯಂಕಾಲ ನಾಕು ಗಂಟೆ."

ವನಿತಾ ಏನನ್ನೋ ನೆನಪು ಮಾಡಿಕೊಳ್ಳುವ ಹಾಗೆ ಕಿಟಕಿಯ ಕಡೆ ನೋಡಿದಳು.

"ಆ ಸುಕ್ರವಾರ ನಾನಿಲ್ಲೇ ಇದ್ದೆ," ಎಂದಳು. "ಮಗೀಗೆ ಜರ ಅಂತ ಇಲ್ಲೇ ಸರ್ಕಾರಿ ಆಸ್ಪತ್ರೆಗೆ ತಂದಿದ್ದೆ. ಚೀಟಿ ಬರ್ಸಿ, ಸೂಜಿ ಆಕ್ಸಿ, ನಾಕೂವರೆಗೆ ನಿಮ್ಮ ಆಪೀಸ್ ಮುಂದ್ಲಿಂದ್ಲೇ ಬಸ್ಸಿಗ್ ಓದೆ. ಮಗ ನನ್ ಸೊಂಟದ್ ಮ್ಯಾಲೇ ಇತ್ತು. ನೀವ್ ಕೊಟ್ಟಿದ್ ಬಿಸ್ಕತ್ತು ಗ್ಯಾಪ್ಕ ಮಡಿಕಂಡು ಈ ಬಾಗ್ಲು ತೋರುಸ್ತಿತ್ತು. ನನ್ ಪೋನ್ ನಂಬ್ರು ಮೇಡಮ್ಮೋರ್ ತಾವ ಇತ್ತು."

ಹುಚ್ಚಯ್ಯ ಬಾಗಿಲ ಕಡೆ ನೋಡಿದ. ಆಮೇಲೆ, ಅಭ್ಯಾಸಬಲದಿಂದ ಎಂಬಂತೆ, ಅವಳ ಅರ್ಜಿಯ ಕಡೆ ಕೈ ಚಾಚಿದ.

"ಕೊಡವ್ವ. ಮೇಡಂ ಬಂದ್ ತಕ್ಸಣ ಕೊಡ್ತೀನಿ. ಮಗೀನ್ ಇಸ್ಯ ಅಲ್ವಾ?"

ವನಿತಾ ಅರ್ಜಿಯನ್ನು ಎರಡಾಗಿ ಮಡಿಸಿ, ಸೆರಗಿನೊಳಗೆ ಇಟ್ಟುಕೊಂಡಳು.

"ಬ್ಯಾಡಿ ಕಣಣ್ಣ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ರು ಬರೋಗಂಟ ನಾನೇ ಮಡಿಕತ್ತೀನಿ."

ಆಗ ಎರಡೂಕಾಲು ಗಂಟೆ. ಮೇಡಂ ಬಂದದ್ದು ಐದೂವರೆಗೆ. ಅಷ್ಟು ಹೊತ್ತೂ ಅವಳು ಆ ಬೆಂಚಿನ ಮೇಲೆ ಸೆರಗು ಹಿಡಿದುಕೊಂಡು ಕೂತಿದ್ದಳು. ಹುಚ್ಚಯ್ಯ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟ. ಅವಳು ಅದನ್ನು ಕುಡಿದಳು.